ಮೂರನೆಯ ದಿನದ ಹಗ್ಗ

ನಮ್ಮೂರಿನಲ್ಲಿ ಯಾರೇ ಮನೆ ಕಟ್ಟಿಸಲಿ, ಒಂದು ಕೋಣೆ ಹೆಚ್ಚಿಗೆ ಕಟ್ಟಿಸುತ್ತಾರೆ. ಬಂದವರಿಗೆ ಬೇಕಾಗುತ್ತದಲ್ಲ, ಅದಕ್ಕೆ. ಬಂದವರು ಎಂದರೆ ನೆಂಟರಲ್ಲ. ಹಳೆಯ ಯುದ್ಧಗಳಲ್ಲಿ ಸತ್ತು, ಆಟದಲ್ಲಿ ಉಳಿದು, ಸಂಜೆಯ ಹೊತ್ತಿಗೆ ಗುಡ್ಡ ಇಳಿದು ಬರುವವರು. ಹೋದಾಗ ಎಷ್ಟು ವಯಸ್ಸಾಗಿತ್ತೋ ಅಷ್ಟೇ ವಯಸ್ಸಿನಲ್ಲಿ ಬರುತ್ತಾರೆ. ನಮ್ಮ ಬೀದಿಯ ಟೈಲರ್ ಈರಯ್ಯನಿಗೆ ಅರವತ್ತು ದಾಟಿದೆ. ಅವನ ಮುತ್ತಜ್ಜ ಸಿದ್ಲಿಂಗನಿಗೆ ಹತ್ತೊಂಬತ್ತು. ಮುತ್ತಜ್ಜ ದಿನವೂ ಬೆಳಿಗ್ಗೆ ಅಂಗಡಿಯ ಮುಂದೆ ನಿಂತು ಕಡ್ಲೆಕಾಯಿ ಕೊಡಿಸು ಎಂದು ಮರಿಮಗನ ಪ್ರಾಣ ತಿನ್ನುತ್ತಾನೆ. ಈರಯ್ಯ ಗೊಣಗಿಕೊಂಡೇ ಕೊಡಿಸುತ್ತಾನೆ, ಹಿರಿಯರ ಮಾತು ಮೀರುವ ಹಾಗಿಲ್ಲ ನೋಡಿ. ಇದನ್ನೆಲ್ಲ ನೋಡಿ ಬೆಳೆದ ನಮಗೆ ವಿಶೇಷ ಎನಿಸುವುದಿಲ್ಲ.

ನಾನು ಆಟ ಕಟ್ಟುವವಳು. ಹೆಸರು ಸಾಕಮ್ಮ. ಒಂದು ದಂಡು ಯಾವ ದಾರಿಯಲ್ಲಿ ಹೋಯಿತು, ಎಷ್ಟು ಜನ, ಎಷ್ಟು ದಿನದ ಬುತ್ತಿ, ಎಲ್ಲಿ ಮಳೆ ಹಿಡಿಯಿತು, ಎಲ್ಲಿ ಎತ್ತು ಕುಸಿಯಿತು ಎಂದು ವಿಚಾರಿಸಿ, ಅದನ್ನೆಲ್ಲ ಪಟದ ಮೇಲೆ ತರುವುದು ನನ್ನ ಕೆಲಸ. ನಮ್ಮ ಪಟ ಅಂಗಳದಷ್ಟು ದೊಡ್ಡದು, ಚಾವಡಿಯ ನೆಲದ ಮೇಲೇ ಹಾಸುತ್ತೇವೆ. ಅದರ ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಹೆಬ್ಬೆರಳಿನಷ್ಟು ಎತ್ತರದ ಮರದ ಕಾಯಿಗಳು, ಒಬ್ಬೊಬ್ಬನಿಗೆ ಒಂದೊಂದು, ಕಾಯಿಯ ಬುಡದಲ್ಲಿ ಅವನ ಹೆಸರು. ಹೆಸರಿಲ್ಲದ ಕಾಯಿ ಆಟದಲ್ಲಿ ಉಳಿದರೂ ಯಾರೂ ಬರುವುದಿಲ್ಲ. ಒಮ್ಮೆ ಯಾವನೋ ಸೋಮಾರಿ ಕಾಯಿಯ ಮೇಲೆ ‘ಕುದುರೆಯವನು’ ಎಂದಷ್ಟೇ ಬರೆದ, ಆ ಬಡಪಾಯಿ ಇವತ್ತಿಗೂ ಬಂದಿಲ್ಲ.

ಒಂದು ಯುದ್ಧಕ್ಕೆ ಒಂದೇ ಆಟ, ಊರೆಲ್ಲ ಕೂತು ನೋಡುತ್ತಿರುವಾಗ, ಹೊತ್ತು ಹುಟ್ಟಿದಾಗ ಶುರುವಾಗಿ ಮುಳುಗುವುದರೊಳಗೆ ಮುಗಿಯಬೇಕು. ಆಟ ನಿಜವಾಗಿರಬೇಕು. ಎಷ್ಟೋ ವರ್ಷದ ಹಿಂದೆ ಒಬ್ಬ ತನ್ನ ಮನೆತನದವರಿಗೆ ಎರಡು ದಿನದ ಬುತ್ತಿ ಹೆಚ್ಚಿಗೆ ಬರೆದ. ಅವರೆಲ್ಲ ಪಟದ ಮೇಲೆ ಗೆದ್ದು ನಿಂತರು. ಊರು ಗುಡ್ಡದ ಕಡೆ ನೋಡಿಕೊಂಡು ಕತ್ತಲಾಗುವವರೆಗೂ ನಿಂತಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಆಡಿದ ಆಟವನ್ನು ಮತ್ತೆ ಆಡುವ ಹಾಗಿಲ್ಲ. ಆ ಮನುಷ್ಯ ಊರು ಬಿಟ್ಟ.

ನಾನು ಈಗ ಹೇಳಹೊರಟಿರುವುದು ಹೊಳೆಯ ದಂಡಿನ ಆಟದ ಕಥೆ. ಅದು ಹಳೆಯ ಕಾಲದ್ದಲ್ಲ, ಇಪ್ಪತ್ತೆಂಟು ವರ್ಷದ ಹಿಂದಿನದು. ಆಗ ನನಗೆ ಹನ್ನೆರಡು. ಹೊಳೆಯಾಚೆಯ ಊರಿನವರಿಗೂ ನಮಗೂ ಏಳು ದಿನ ಜಗಳವಾಯಿತು. ಯಾಕೆಂದು ಈಗ ಕೇಳಿದರೆ ಇಬ್ಬರು ಮೂರು ಕಾರಣ ಹೇಳುತ್ತಾರೆ. ನಮ್ಮ ಕಡೆಯಿಂದ ನಲವತ್ತೊಂದು ಜನ ಆಚೆ ದಡಕ್ಕೆ ಹೋದರು, ಒಬ್ಬರೂ ಹಿಂದಿರುಗಲಿಲ್ಲ. ಅವರಲ್ಲಿ ನನ್ನ ಅಣ್ಣ ಕೆಂಚಣ್ಣನೂ ಒಬ್ಬ. ಅವರು ಮೂರನೆಯ ದಿನ ವಾಪಸು ಓಡಿ ಬರುವಷ್ಟರಲ್ಲಿ ಪ್ರವಾಹ ಬಂದು ದೋಣಿಯ ಹಗ್ಗ ಕಿತ್ತುಹೋಗಿತ್ತು, ಬೆಳಿಗ್ಗೆ ವೈರಿಗಳು ಬಂದು ದಡದಲ್ಲೇ ಎಲ್ಲರನ್ನೂ ಮುಗಿಸಿದರು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಎರಡು ದಡಕ್ಕೂ ಕಟ್ಟಿದ ಹಗ್ಗ ಎಳೆದು ಆ ದೋಣಿ ನಡೆಸುತ್ತಿದ್ದವನು ನನ್ನ ಅಪ್ಪ ದ್ಯಾವಪ್ಪ. ಆಮೇಲೆ ಅವನು ಹೊಳೆಯ ಕಡೆ ತಲೆ ಹಾಕಲಿಲ್ಲ.

ಆಟ ಕಟ್ಟಲು ನಾನು ಮೂರು ವರ್ಷ ತೆಗೆದುಕೊಂಡೆ. ಅಣ್ಣ ಹೊತ್ತಿದ್ದಷ್ಟೇ ಭಾರದ ರಾಗಿ ಮೂಟೆ ಹೊತ್ತು ಆ ದಾರಿಯನ್ನು ನಾನೇ ನಡೆದೆ. ಒಂದು ದಿನಕ್ಕೆ ಪಟದ ಎಷ್ಟು ಮನೆ ನಡೆಯಬಹುದು ಎಂದು ನನ್ನ ಕಾಲಿನ ಬೊಕ್ಕೆಗಳೇ ಹೇಳಿದವು. ವೈರಿಗಳು ಎಷ್ಟು ಜನ ಎಂದು ನಮ್ಮೂರಿನವರನ್ನು ಕೇಳಿದರೆ ಮುನ್ನೂರು ಎಂದರು. ಕೆಲವರು ಐನೂರು ಎಂದರು. ಸರಿ, ಇದಾಗುವುದಿಲ್ಲ ಎಂದು ಸೇತುವೆಯ ಮೇಲೆ ಸುತ್ತು ಹಾಕಿ ಎರಡು ದಿನ ನಡೆದು ಆ ಊರಿಗೇ ಹೋದೆ. ಅಲ್ಲಿ ಅರಳಿಕಟ್ಟೆಯ ಕಲ್ಲಿನ ಮೇಲೆ ದಂಡಿಗೆ ಹೋದವರ ಹೆಸರು ಕೆತ್ತಿದ್ದರು. ಅರವತ್ತೆರಡು ಜನ, ಅಷ್ಟೇ. ಮದುವೆಯಾದವನಾದರೆ ಪಕ್ಕದಲ್ಲಿ ಹೆಂಡತಿಯ ಹೆಸರೂ ಇತ್ತು. ಆ ಏಳು ದಿನಗಳಲ್ಲಿ, ಆಮೇಲಿನ ಬಿಡಿ ಜಗಳಗಳಲ್ಲಿ ಅವರಲ್ಲೂ ಬಹಳ ಜನ ಸತ್ತಿದ್ದರು, ಉಳಿದವರು ಎಲ್ಲೆಲ್ಲೋ ಚೆದುರಿ ಪತ್ತೆಯಿರಲಿಲ್ಲ. ನಾನು ಬರೆದುಕೊಳ್ಳುತ್ತಿರುವಾಗ ಒಬ್ಬ ಹೆಂಗಸು ಬಂದು, ಯಾರು ಏನು ಎಂದೂ ಕೇಳದೆ, ಬಿಸಿಲಿಗೆ ಅಡ್ಡವಾಗಿ ಸೆರಗು ಹಿಡಿದು ನಿಂತಳು. ಹತ್ತೊಂಬತ್ತನೆಯ ಹೆಸರು ಬರೆಯುವಾಗ, ಇದು ನಮ್ಮೆಜಮಾನ್ರು, ಆವತ್ತು ಹೋದೋರು ಬರ್ಲಿಲ್ಲ ಎಂದಳು.

ಆ ಅರವತ್ತೆರಡು ಹೆಸರನ್ನೂ ಕಾಯಿಗಳ ಬುಡದಲ್ಲಿ ಬರೆದೆ. ಹಿಂದಿನವರು ಯಾರೂ ಹಾಗೆ ಮಾಡಿದವರಲ್ಲ. ವೈರಿ ಕಾಯಿಗೆ ಬರೀ ಒಂದು, ಎರಡು, ಮೂರು ಎಂದು ಅಂಕಿ ಹಾಕುವುದು ವಾಡಿಕೆ. ಆದರೆ ಯಾರು ಎಷ್ಟು ನಡೆದ, ಯಾರ ಕಾಲಿಗೆ ಪೆಟ್ಟಾಗಿತ್ತು, ಯಾರು ಮೂಟೆ ಹೊತ್ತಿದ್ದ ಎಂದು ಲೆಕ್ಕ ಇಡುವಾಗ ಅಂಕಿಗಳೆಲ್ಲ ಕಲಸಿಕೊಂಡು ನನ್ನ ತಲೆ ಕೆಟ್ಟುಹೋಗುತ್ತಿತ್ತು. ಹೆಸರಿದ್ದರೆ ನೆನಪಿರುತ್ತಿತ್ತು. ಕಾರಣ ಅಷ್ಟೇ, ಅದಕ್ಕಿಂತ ದೊಡ್ಡದೇನೂ ನನ್ನ ಮನಸ್ಸಿನಲ್ಲಿರಲಿಲ್ಲ.

ನಾನು ಒಂದೊಂದೇ ಹೆಸರನ್ನು ಬಾಯಲ್ಲಿ ಹೇಳಿಕೊಂಡು ಬರೆಯುವಾಗ ನಾಲ್ಕು ಮನೆಯಾಚೆಯ ಹೊನ್ನಕ್ಕ ಬಂದು ನೋಡಿಬಿಟ್ಟಳು. ಅವಳ ಗಂಡ ಬೋರಯ್ಯನೂ ಆ ನಲವತ್ತೊಂದರಲ್ಲಿ ಒಬ್ಬ. ಮದುವೆಯಾಗಿ ಎಂಟು ತಿಂಗಳಿಗೆ ಹೋದವನು. ಹೊನ್ನಕ್ಕ ಹೆಚ್ಚಿನ ಕೋಣೆಯಲ್ಲಿ ಹಾಸಿಗೆ ಹಾಸಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ, ಮತ್ತೆ ಹಾಸುತ್ತ ಇಪ್ಪತ್ತೆಂಟು ವರ್ಷ ಕಳೆದಿದ್ದಳು.

“ನನ್ ಗಂಡನ ಪಕ್ಕದಲ್ಲಿ ಅವನ್ನ ಕೊಂದೋನ ಹೆಸ್ರು ಬರೀತಿದೀಯಲ್ಲೇ ಸಾಕಿ,” ಎಂದಳು. “ನಿಂಗೆ ಕೈ ಹೆಂಗೆ ಬಂತು?”

“ಲೆಕ್ಕ ತಪ್ಪಿದ್ರೆ ಬೋರಣ್ಣ ಬರಲ್ಲ ಹೊನ್ನಕ್ಕ,” ಎಂದೆ.

ಅವಳು ಎದ್ದು ಹೋದಳು. ಮೂರು ದಿನ ನನ್ನ ಮುಖ ನೋಡಲಿಲ್ಲ.

ಪಟ ಸಿದ್ಧವಾದ ಮೇಲೆ ಪರೀಕ್ಷೆಯ ಆಟಗಳು. ಅದನ್ನು ಮನೆಯೊಳಗೆ, ಸಣ್ಣ ಪಟದ ಮೇಲೆ, ಹೆಸರಿಲ್ಲದ ಹುಣಸೆ ಬೀಜಗಳನ್ನು ಇಟ್ಟು ಆಡುತ್ತೇವೆ. ನನ್ನ ಜೊತೆ ಆಡುತ್ತಿದ್ದವರು ಭದ್ರಯ್ಯ ಮೇಷ್ಟ್ರು, ನನಗೆ ಈ ಕೆಲಸ ಕಲಿಸಿದವರು. ಆಟ ಸರಿಯಾಗಿದ್ದರೆ ಹತ್ತರಲ್ಲಿ ಆರೇಳು ಸಲವಾದರೂ ನಿಜವಾಗಿ ನಡೆದದ್ದೇ ನಡೆಯಬೇಕು. ಉಳಿದ ಮೂರು ನಾಲ್ಕರಲ್ಲೇ ನಮ್ಮ ಆಸೆ ಇರುವುದು. ನಾವು ನಲವತ್ತು ಸಲ ಆಡಿದೆವು. ನಲವತ್ತು ಸಲವೂ ನಮ್ಮವರು ಮೂರನೆಯ ಸಂಜೆ ಹೊಳೆಗೆ ಬಂದರು, ದಾಟಿದರು, ಮನೆ ಸೇರಿದರು. ಒಮ್ಮೆಯೂ ನನ್ನ ಅಣ್ಣ ಸಾಯಲಿಲ್ಲ.

ಬೇರೆಯವರಾದರೆ ಕುಣಿದಾಡುತ್ತಿದ್ದರೇನೋ. ನಾನು ಲೆಕ್ಕದ ಕಾಗದಗಳನ್ನೆಲ್ಲ ಮತ್ತೆ ಬಿಚ್ಚಿ ಹರಡಿದೆ. ಮೇಷ್ಟ್ರು ಬೀಜಗಳನ್ನು ಬಟ್ಟಲಿಗೆ ಹಾಕುತ್ತಾ, “ಎಲ್ಲೋ ಏನೋ ಬಿಟ್ಟಿದೀಯಮ್ಮ. ಹಗ್ಗ ಹೋಗಿದ್ದನ್ನ ಸರಿಯಾಗಿ ಹಾಕಿದೀಯಾ?” ಎಂದರು.

“ಹಾಕಿದೀನಿ ಮೇಷ್ಟ್ರೆ. ಪ್ರವಾಹ ಬಂದ್ರೆ ಹಗ್ಗ ಹೋಗುತ್ತೆ. ಆದ್ರೆ ದಾಳ ಹಾಕಿದ್ರೆ ಪ್ರವಾಹನೇ ಬರ್ತಿಲ್ಲ.”

“ಹಂಗಾದ್ರೆ ಹೊಳೆನ ಕೇಳು,” ಎಂದರು.

ಹೊಳೆಯನ್ನು ಕೇಳುವುದೆಂದರೆ ಮೇಲಿನ ಹಿಟ್ಟಿನ ಗಿರಣಿಗೆ ಹೋಗುವುದು. ಅದು ನೀರಿನ ಗಿರಣಿ. ನೀರು ಎಷ್ಟಿದೆ ಎಂದು ಗಿರಣಿಯವರು ದಿನಾ ಬೆಳಿಗ್ಗೆ ಸಂಜೆ ಗೋಡೆಯ ಮೇಲೆ ಮಸಿಯಲ್ಲಿ ಗೀಟು ಹಾಕಿ ತಾರೀಖು ಬರೆಯುತ್ತಾರೆ, ಅಜ್ಜನ ಕಾಲದಿಂದ. ಇಪ್ಪತ್ತೆಂಟು ವರ್ಷದ ಹಿಂದಿನ ಗೀಟುಗಳನ್ನು ಹಿಟ್ಟಿನ ಧೂಳು ಒರೆಸಿ ಒರೆಸಿ ಹುಡುಕಿದೆ. ಪ್ರವಾಹ ಬಂದಿತ್ತು, ನಿಜ. ಆದರೆ ಬಂದದ್ದು ದಂಡಿನ ಆರನೆಯ ದಿನ. ಮೂರನೆಯ ಸಂಜೆ ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ತಾರೀಖುಗಳನ್ನು ಬೆರಳಿಟ್ಟು ಇನ್ನೆರಡು ಸಲ ಎಣಿಸಿದೆ. ಗಿರಣಿಯವನೂ ಎಣಿಸಿ ಹೌದೆಂದ.

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಎಪ್ಪತ್ತೆಂಟು ವರ್ಷ, ಆದರೂ ಕೈ ನಡುಗುತ್ತಿರಲಿಲ್ಲ.

“ಅಪ್ಪಾ, ಹಗ್ಗ ಹೋಗಿದ್ದು ಯಾವತ್ತು?”

“ಮೂರ್ನೇ ದಿನ, ಸಂಜೆ ಮುಂದೆ.”

“ಆವತ್ತು ಹೊಳೆ ಬಂದಿರ್ಲಿಲ್ಲ.”

ಅಪ್ಪ ಇನ್ನೂ ಎರಡು ಬೀಜ ಬಿಡಿಸಿದ. “ಇಲ್ಲ. ಬಂದಿರ್ಲಿಲ್ಲ,” ಎಂದ.

“ಮತ್ತೆ?”

“ಕಡಿದೆ ಕಣವ್ವ. ಕೊಡ್ಲಿ ತಗೊಂಡು ನಾನೇ ಕಡಿದೆ.”

ಅಪ್ಪ ಮುಂದುವರಿಸಿದ, ಬೇರೆ ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ.

“ಮಬ್ಬಾಗಿತ್ತು. ಆ ದಡದಲ್ಲಿ ಮೂವತ್ತು ನಲವತ್ತು ಜನ ಓಡ್ಕೊಂಡು ಬರ್ತಿದ್ರು. ಕೂಗ್ತಿದ್ರು, ನೀರಿನ ಸದ್ದಿಗೆ ಏನೂ ಕೇಳ್ತಿರ್ಲಿಲ್ಲ. ವೈರಿಗಳು ಬಂದ್ರೆ ಕಡಿದುಬಿಡು ಅಂತ ಊರೋರು ಹೇಳಿದ್ರು. ನಮ್ಮೋರಾದ್ರೆ ಯಾಕೆ ಹಿಂಗೆ ಓಡ್ತಾರೆ ಅಂದ್ಕೊಂಡೆ. ನನ್ ಹಿಂದೆ ಊರಿತ್ತು, ನಿಮ್ಮವ್ವ ಇದ್ಲು, ನೀನಿದ್ದೆ. ಕಡಿದೆ. ಬೆಳಿಗ್ಗೆ ಎದ್ದು ಆ ದಡ ನೋಡ್ದೆ.”

“ಇಷ್ಟು ವರ್ಷ ಯಾಕಪ್ಪ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ. ಹೊಳೆ ಕಿತ್ಕೊಂಡು ಹೋಯ್ತು ಅಂತ ಅವರವರೇ ಅಂದ್ಕೊಂಡ್ರು. ನಾನು ಹೂಂ ಅಂದೆ. ನಿಮ್ಮವ್ವ ಸಾಯೋವಾಗ್ಲೂ ಹೂಂ ಅಂದೆ.”

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವತ್ತು ನಾನು ಅಪ್ಪನಿಗೆ ಊಟ ಬಡಿಸಲಿಲ್ಲ. ಅವನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಬಂದು ಬಾಗಿಲ ಹತ್ತಿರ ನಿಂತ. “ಬರಿ,” ಎಂದ. “ಆಟದಲ್ಲಿ ಬರಿ. ಬರೀದೇ ಹೋದ್ರೆ ಅವ್ನು ಬರಲ್ವಲ್ಲ.”

ಬರೆಯುವುದು ಅಷ್ಟು ಸುಲಭವಾಗಿರಲಿಲ್ಲ. ನಮ್ಮಲ್ಲಿ ಇನ್ನೊಂದು ಕಟ್ಟಳೆ ಇದೆ. ಆ ಯುದ್ಧದಲ್ಲಿದ್ದವರು ಯಾರಾದರೂ ಬದುಕಿದ್ದರೆ ಅವರ ಕಾಯಿಯನ್ನು ಅವರೇ ನಡೆಸಬೇಕು. ಉಳಿದದ್ದಕ್ಕೆ ಚೀಟಿ ಎತ್ತುತ್ತೇವೆ. ಹಾಗಾಗಿ ಹಗ್ಗದ ಹತ್ತಿರ ಅಪ್ಪನೇ ಕೂರಬೇಕು. ಭದ್ರಯ್ಯ ಮೇಷ್ಟ್ರಿಗೆ ಹೇಳಿದಾಗ ಅವರು ಸಣ್ಣ ಪಟವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ, “ನಿಮ್ಮಪ್ಪನಿಗೆ ಈಗ ಗೊತ್ತಲ್ಲಮ್ಮ, ಬಂದೋರು ಯಾರು ಅಂತ,” ಎಂದರು. “ಗೊತ್ತಿದ್ದು ಆಡಿದ್ರೆ ಅದು ಆವತ್ತಿನ ಸಂಜೆ ಆಗಲ್ಲ. ಅವನಿಗೆ ಆವತ್ತು ಎಷ್ಟು ಕಾಣ್ತಿತ್ತೋ ಇವತ್ತೂ ಅಷ್ಟೇ ಕಾಣ್ಬೇಕು.”

ಅದಕ್ಕೆ ಬುಟ್ಟಿಯ ಉಪಾಯ ಮಾಡಿದೆ. ಮೂರನೆಯ ದಿನದ ಸುತ್ತಿಗೆ ಪರದೆ ಎಳೆದು, ಆಚೆ ದಡದ ಎರಡು ಗುಂಪುಗಳನ್ನೂ, ನಮ್ಮವರನ್ನೂ ವೈರಿಗಳನ್ನೂ, ಒಂದೇ ಥರದ ಎರಡು ಬಿದಿರು ಬುಟ್ಟಿಗಳ ಕೆಳಗೆ ಕವುಚಿಡುವುದು. ಯಾವ ಬುಟ್ಟಿಯ ಕೆಳಗೆ ಯಾರು ಎಂದು ನನಗೊಬ್ಬಳಿಗೇ ಗೊತ್ತು. ಅವುಗಳ ದಾಳವನ್ನು ನಾನು ಪರದೆಯ ಹಿಂದೆ ಹಾಕಿ, ಬುಟ್ಟಿ ತಳ್ಳಬೇಕು. ಯಾವುದಾದರೂ ಒಂದು ಬುಟ್ಟಿ ಹೊಳೆಯ ದಡಕ್ಕೆ ಬಂದಾಗ ದ್ಯಾವಪ್ಪನ ಕಾಯಿಯವನು ಹಗ್ಗ ಕಡಿಯಬಹುದು ಅಥವಾ ಬಿಡಬಹುದು. ಆಮೇಲೆ ಬುಟ್ಟಿ ಎತ್ತುವುದು. ಆಟ ಕಟ್ಟಿದವರು ಆಟದ ದಿನ ಬಾಯಿ ಬಿಡುವಂತಿಲ್ಲ, ಕೈಸನ್ನೆ ಕಣ್ಸನ್ನೆ ಏನೂ ಇಲ್ಲ. ಒಂದು ಕೆಮ್ಮು ಕೆಮ್ಮಿದರೂ ಆಟ ಸುಳ್ಳಾಗುತ್ತದೆ, ಬರುವವರು ಬರುವುದಿಲ್ಲ. ಹೀಗೆ ಹಾಕಿ ಆಡಿದಾಗ ಹತ್ತರಲ್ಲಿ ಏಳು ಸಲ ಅಣ್ಣ ದಡದಲ್ಲಿ ಸತ್ತ. ಆಟ ಸರಿಯಾಯಿತು ಎಂದು ಮೇಷ್ಟ್ರು ತಲೆಯಾಡಿಸಿದರು. ನಾನು ಬೀಜಗಳನ್ನು ಬಟ್ಟಲಿಗೆ ಗುಡಿಸಿ ಹಾಕಿ ಹೊರಗೆ ಹೋದೆ.

ಆಟದ ಹಿಂದಿನ ದಿನ ಕಟ್ಟಳೆಗಳನ್ನೆಲ್ಲ ಚಾವಡಿಯಲ್ಲಿ ಓದಿ ಹೇಳಬೇಕು. ಹಗ್ಗದ ಕಟ್ಟಳೆ ಓದುವಾಗ ನಾನು ಕಾಗದದಿಂದ ತಲೆ ಎತ್ತಲಿಲ್ಲ. ಯಾರೂ ಬೈಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನ ಅಕ್ಕಪಕ್ಕದವರು ಒಬ್ಬೊಬ್ಬರೇ ಎದ್ದು ಬೇರೆ ಕಡೆ ಹೋಗಿ ಕೂತರು. ಅಷ್ಟೇ ನಡೆದದ್ದು.

ಸಂಜೆ ಹೊನ್ನಕ್ಕ ನಮ್ಮ ಮನೆಗೆ ಬಂದಳು. ಹೊಸಿಲಿನಾಚೆಯೇ ನಿಂತಳು.

“ಬೈಯೋಕೆ ಬಂದಿಲ್ಲ ದ್ಯಾವಣ್ಣ,” ಎಂದಳು. “ಅದಕ್ಕೆ ಬೇರೆ ದಿನ ಇಟ್ಕೊಂಡಿದೀನಿ. ಒಂದೇ ಮಾತು ಕೇಳ್ತೀನಿ. ನಾಳೆ ಕಡೀತೀಯಾ, ಬಿಡ್ತೀಯಾ?”

“ನಂಗೊತ್ತಿಲ್ಲ ತಾಯಿ.”

“ಗೊತ್ತಿಲ್ಲ ಅಂದ್ರೆ?”

“ಬುಟ್ಟಿ ಕೆಳಗೆ ಯಾರಿದಾರೋ ನಂಗೇನು ಗೊತ್ತು?”

ಹೊನ್ನಕ್ಕ ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾಳೆ ಅವನಿಗೊಂದು ಸನ್ನೆ ಮಾಡೇ ಎಂದು ಅವಳ ಕಣ್ಣು ಬೇಡುತ್ತಿದ್ದದ್ದು ನನಗೆ ಅರ್ಥವಾಯಿತು. ನಾನು ಒಲೆಯ ಕಡೆ ತಿರುಗಿಕೊಂಡೆ.

ಆಟದ ದಿನ ಚಾವಡಿ ತುಂಬಿ, ಜನ ಮಾಡಿನ ಮೇಲೂ ಹತ್ತಿ ಕೂತಿದ್ದರು. ಪಟದ ಮಧ್ಯೆ ನೀಲಿ ಪಟ್ಟಿಯ ಹೊಳೆ, ಅದರ ಮೇಲೆ ಅಡ್ಡಲಾಗಿ ನಿಜವಾದ ದಾರ. ಈಚೆ ದಡದಲ್ಲಿ ಅಪ್ಪ ಮಣೆಯ ಮೇಲೆ ಕೂತಿದ್ದ, ಮುಂದೆ ಒಂದು ಚಾಕು. ಮೊದಲ ದಿನದ ಸುತ್ತುಗಳು ಬೇಗ ಮುಗಿದವು. ಎರಡನೆಯ ದಿನ ಆಚೆ ದಡದ ಗುಡ್ಡದ ಮೇಲೆ ಮಳೆ ಬಿತ್ತು, ನಮ್ಮವರ ಬುತ್ತಿ ನೆನೆಯಿತು. ಎಲ್ಲ ಆವತ್ತಿನ ಹಾಗೆಯೇ ಹೋಗುತ್ತಿತ್ತು. ಮೂರನೆಯ ದಿನದ ದಾಳವನ್ನು ನಾನು ಪರದೆಯ ಹಿಂದೆ ಹಾಕಿದಾಗ ವೈರಿಗಳಿಗೆ ಆರು ಬಿತ್ತು.

ಆರು ಬಿದ್ದರೆ ಅವರು ಕಲ್ಲುಕ್ವಾರಿಯ ಅಡ್ಡದಾರಿ ಹಿಡಿಯುತ್ತಾರೆ, ಬುಟ್ಟಿ ಇಟ್ಟ ಮೇಲೆ ನಾನು ಸೇರಿಸಿದ ಕಟ್ಟಳೆ ಅದು. ಬುತ್ತಿಯ ಗಾಡಿ ಹಿಂದೆ ಬಿಟ್ಟು, ನಮ್ಮವರಿಗಿಂತ ಮೊದಲು ಹೊಳೆಗೆ ಬರುತ್ತಾರೆ. ಬುಟ್ಟಿ ಇಟ್ಟು ಆಡಿದ ಪರೀಕ್ಷೆಯ ಆಟಗಳಲ್ಲಿ ಇದು ಮೂರು ಸಲ ಆಗಿತ್ತು. ನಾನು ದಾಳವನ್ನೇ ನೋಡುತ್ತಾ ಕೂತೆ. ಮತ್ತೆ ಹಾಕುವಂತಿಲ್ಲ. ನಮ್ಮವರು ಇನ್ನೂ ಗುಡ್ಡದ ಮೇಲೆ, ಒಂದು ಮನೆ ಹಿಂದೆ. ಈಗ ಅಪ್ಪ ಹಗ್ಗ ಕಡಿದರೆ ವೈರಿಗಳಿಗೆ ದಾಟಲಾಗದು. ಬುತ್ತಿಯಿಲ್ಲದ್ದರಿಂದ ಅವರು ಅದೇ ಸಂಜೆ ದಡ ಹಿಡಿದು ತಮ್ಮೂರಿಗೆ ತಿರುಗಲೇಬೇಕು. ಅದು ನಾನೇ ಬರೆದ ಕಟ್ಟಳೆ. ನಮ್ಮವರು ಆಮೇಲೆ ಇಳಿದು ಬಂದು, ಖಾಲಿ ದಡದಲ್ಲಿ ಮಲಗಿ, ಬೆಳಿಗ್ಗೆ ಊರಿನವರು ತರುವ ಹರಿಗೋಲಿನಲ್ಲಿ ದಾಟುತ್ತಾರೆ. ನಲವತ್ತೊಂದು ಜನವೂ. ಕಡಿದರೆ ಅಣ್ಣ ಬದುಕುತ್ತಾನೆ, ಬಿಟ್ಟರೆ ಸಾಯುತ್ತಾನೆ. ಎಲ್ಲ ತಲೆಕೆಳಗಾಗಿತ್ತು, ಮತ್ತು ಅದು ಗೊತ್ತಿದ್ದವಳು ಆ ಚಾವಡಿಯಲ್ಲಿ ನಾನೊಬ್ಬಳೇ.

ನಾನು ಬುಟ್ಟಿಯನ್ನು ದಡಕ್ಕೆ ತಳ್ಳಿದೆ.

ಅಪ್ಪ ಬುಟ್ಟಿಯನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನು ಚಿಕ್ಕವಳಿದ್ದಾಗ ಬೆಲ್ಲ ಕದ್ದು ತಿಂದು ಬಂದರೆ ಬಾಗಿಲಲ್ಲೇ ಹಿಡಿಯುತ್ತಿದ್ದ ಮನುಷ್ಯ ಅವನು. ನಾನು ದಾರದ ಒಂದು ಗಂಟನ್ನೇ ನೋಡುತ್ತಾ ಕೂತೆ. ಕಡಿ ಅಪ್ಪ, ಕಡಿ, ಎಂದು ಎದೆ ಬಡಿದುಕೊಳ್ಳುತ್ತಿತ್ತು. ಒಂದು ಸಲ ರೆಪ್ಪೆ ಬಡಿದರೆ ಸಾಕು, ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾದರೆ ಆಟ ಸುಳ್ಳು, ಅಣ್ಣನೂ ಇಲ್ಲ, ಬೋರಯ್ಯನೂ ಇಲ್ಲ, ಯಾರೂ ಇಲ್ಲ, ಎಂದೆಂದಿಗೂ ಇಲ್ಲ. ನಾನು ರೆಪ್ಪೆ ಬಡಿಯಲಿಲ್ಲ.

“ಯಾರ್ರಪ್ಪಾ ನೀವು?” ಎಂದು ಅಪ್ಪ ಬುಟ್ಟಿಯನ್ನು ಕೇಳಿದ. ಮೆಲ್ಲಗೆ, ದಡದಿಂದ ಕೇಳುವ ಹಾಗೆ.

ಅಪ್ಪ ಚಾಕು ಎತ್ತಿಕೊಂಡ. ದಾರದ ಮೇಲೆ ಇಟ್ಟ. ಆಮೇಲೆ ತೆಗೆದು ನೆಲದ ಮೇಲಿಟ್ಟು ದೂರ ತಳ್ಳಿದ.

“ಕಡಿಯಲ್ಲ,” ಎಂದ. “ಯಾರಾದ್ರೂ ಆಗ್ಲಿ. ಇನ್ನೊಂದ್ಸಲ ನನ್ ಕೈಲಿ ಆಗಲ್ಲ.”

ಊರಿಗೆ ಊರೇ ಉಸಿರು ಬಿಟ್ಟಿತು. ಹೊನ್ನಕ್ಕ ಎರಡೂ ಕೈ ಮುಗಿದು ಗಟ್ಟಿಯಾಗಿ ಅಳತೊಡಗಿದಳು. ಅಪ್ಪನ ಹಿಂದೆ ಕೂತಿದ್ದ ಯಾರೋ ಅವನ ಹೆಗಲ ಮೇಲೆ ಕೈಯಿಟ್ಟರು. ಆ ಸಂತೋಷದ ನಡುವೆ ನಾನು ಬುಟ್ಟಿ ಎತ್ತಬೇಕಾಗಿತ್ತು. ಎತ್ತಿದೆ. ಕೆಳಗೆ ಅರವತ್ತೆರಡು ಕಾಯಿಗಳಿದ್ದವು.

ಹೊನ್ನಕ್ಕನ ಅಳು ಅರ್ಧಕ್ಕೇ ನಿಂತ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ಅಪ್ಪ ಮುಂದಕ್ಕೆ ಬಾಗಿ, ಒಂದು ಕಾಯಿ ಕೈಗೆತ್ತಿಕೊಂಡು, ಬುಡದ ಹೆಸರನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ಮತ್ತೆ ನನ್ನ ಕಡೆ ನೋಡಿದ. ನಾನು ಆಗಲೂ ಮಾತಾಡುವಂತಿರಲಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವೈರಿಗಳು ಅರ್ಧ ದಾಟಿ ಅರ್ಧ ಆಚೆಯೇ ಇರುವಾಗ ನಮ್ಮವರು ಗುಡ್ಡ ಇಳಿದು ಅವರ ಕೈಗೆ ಸಿಕ್ಕರು. ಎರಡು ದಿನದ ಹಸಿವಿನವರು. ಬಿದ್ದ ಕಾಯಿಯನ್ನು ಆಟ ಕಟ್ಟಿದವರೇ ಮಲಗಿಸಬೇಕು. ಒಂದೊಂದಾಗಿ ಮಲಗಿಸಿದೆ. ಬೋರಯ್ಯ ಒಂಬತ್ತನೆಯವನು. ಕೆಂಚಣ್ಣ ಮೂವತ್ತೆಂಟನೆಯವನು, ಅವನಿಗೆ ಎರಡು ಸಲ ದಾಳ ಒಲಿಯಿತು, ಮೂರನೆಯ ಸಲ ಒಲಿಯಲಿಲ್ಲ. ಏಳನೆಯ ದಿನ ಮುಗಿದಾಗ ಆಚೆಯವರು ಮೂವತ್ತಾರು ಜನ ನಿಂತಿದ್ದರು. ನಮ್ಮವರು ಒಬ್ಬರೂ ಇರಲಿಲ್ಲ.

ಜನ ಎದ್ದು ಮನೆಗೆ ಹೋದರು. ಅಪ್ಪ ಮಣೆಯಿಂದ ಏಳಲೇ ಇಲ್ಲ. ಮೇಷ್ಟ್ರು ಪಟ ಮಡಿಸಲು ಬಂದವರು, ಅವನು ಕೂತಿರುವುದನ್ನು ನೋಡಿ ಹಾಗೇ ಬಿಟ್ಟರು. ಕಟ್ಟಳೆ ಮುಗಿದದ್ದರಿಂದ ಈಗ ನಾನು ಮಾತಾಡಬಹುದಾಗಿತ್ತು.

“ನಂಗೆ ಗೊತ್ತಿತ್ತಪ್ಪ,” ಎಂದೆ.

“ಗೊತ್ತಿರ್ಲೇಬೇಕಲ್ಲ,” ಎಂದ. ಅಷ್ಟೇ ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊತ್ತು ಇಳಿಯುವಾಗ ಗುಡ್ಡದ ಕಡೆಯ ಮನೆಯವರು ಕೂಗಿಕೊಂಡರು. ಯಾರೋ ಬರ್ತಿದಾರೆ ಎಂದು. ನಾನು ನಂಬಲಿಲ್ಲ. ಒಬ್ಬನೂ ಉಳಿಯದ ಮೇಲೆ ಯಾರು ಬರುತ್ತಾರೆ? ಆದರೂ ಕಾಲು ಎಳೆದುಕೊಂಡು ಹೋದವು. ಅಪ್ಪನೂ ಬಂದ. ಊರಿನ ಗಡಿಕಲ್ಲಿನ ಹತ್ತಿರ ಹೋಗಿ ನೋಡಿದರೆ, ಗುಡ್ಡದ ಮೇಲಿಂದ ಹುಡುಗರು ಇಳಿಯುತ್ತಿದ್ದರು. ಮಣ್ಣಾದ ಬಟ್ಟೆ, ಬರಿಗಾಲು, ಕೆಲವರ ತಲೆಗೆ ರಕ್ತದ ಪಟ್ಟಿ. ನಾನು ಎಣಿಸಿದೆ. ಮೂವತ್ತಾರು. ಆಟ ನಿಜವಾಗಿತ್ತು. ನಿಂತ ಕಾಯಿಗಳಿಗೆ ಹೆಸರಿತ್ತು. ಅವರ ಹೆಸರು ಬರೆದವಳು ನಾನು.

ಬಂದವರು ಗಡಿಕಲ್ಲಿನ ಆಚೆ ನಿಲ್ಲುತ್ತಾರೆ. ಯಾರಾದರೂ ಹೆಸರು ಹಿಡಿದು ಕರೆದರೆ ಮಾತ್ರ ಒಳಗೆ ಕಾಲಿಡುತ್ತಾರೆ, ಕರೆದವರ ಮನೆಗೆ ಹೋಗುತ್ತಾರೆ. ಕರೆಯದಿದ್ದರೆ ಏನಾಗುತ್ತದೆ ಎಂದು ನಮಗೆ ಗೊತ್ತಿಲ್ಲ, ಯಾಕೆಂದರೆ ಇಲ್ಲಿಯವರೆಗೆ ಕರೆಯದೆ ಬಿಟ್ಟದ್ದೇ ಇಲ್ಲ. ಹಿಂದೆಲ್ಲ ಜನ ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ಆ ಸಂಜೆ ಊರು ಬಾಯಿಗೆ ಬೀಗ ಹಾಕಿಕೊಂಡು ನಿಂತಿತ್ತು. ಆಚೆ ಅವರು ನಿಂತಿದ್ದರು. ಇಪ್ಪತ್ತು, ಇಪ್ಪತ್ತೆರಡರ ಹುಡುಗರು, ನಮ್ಮ ಮುಖಗಳಲ್ಲಿ ಗುರುತಿನವರನ್ನು ಹುಡುಕುತ್ತಿದ್ದರು. ಇದು ಯಾವ ಊರು ಎಂದು ಒಬ್ಬ ಕೇಳಿದ. ಯಾರೂ ಹೇಳಲಿಲ್ಲ.

“ಪಟ್ಟಿ ಇದೆಯಾ?” ಎಂದ ಅಪ್ಪ.

ನನ್ನ ಸೊಂಟದಲ್ಲಿತ್ತು. “ಅಪ್ಪಾ, ಇವರೇ ಅಣ್ಣನ್ನ…”

“ಗೊತ್ತು. ಓದು.”

ನಿಂತ ಕಾಯಿಗಳಲ್ಲಿ ಮೊದಲನೆಯದು ಗಾಳೆಪ್ಪ. ನಾನು ಅದನ್ನು ಅಪ್ಪನಿಗೆ ಮಾತ್ರ ಕೇಳುವ ಹಾಗೆ ಹೇಳಿದೆ. ಅಪ್ಪ ಗಡಿಕಲ್ಲಿನವರೆಗೆ ನಡೆದು, “ಗಾಳೆಪ್ಪಾ,” ಎಂದು ಕರೆದ. ಎಡಗಡೆಯ ಒಬ್ಬ ಹುಡುಗ ಬೆಚ್ಚಿ, “ಇದೀನಿ,” ಎಂದ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ. ಅಪ್ಪ ಅವನ ಕೈ ಹಿಡಿದು ಈಚೆಗೆ ಕರೆತಂದ. “ಹಸಿವಾಗಿದೆಯೇನಪ್ಪ?” ಎಂದು ಅಪ್ಪ ಕೇಳಿದ್ದಕ್ಕೆ ಅವನು ಹೌದೆಂದು ತಲೆಯಾಡಿಸಿದ. ನನಗೆ ಅವನನ್ನು ನೋಡಲಾಗಲಿಲ್ಲ. ಇವನ ಕೈಯೇ ಇರಬಹುದು ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಬೇರೆ ಯಾರೂ ಮುಂದೆ ಬರಲಿಲ್ಲ. ಇಬ್ಬರು ಮೂವರು ಕಾರಿ ಉಗುಳಿ ಹೊರಟೂ ಹೋದರು. ಆಗ ಜನರನ್ನು ತಳ್ಳಿಕೊಂಡು ಹೊನ್ನಕ್ಕ ಬಂದಳು. ಕಣ್ಣು ಊದಿಕೊಂಡು ಕೆಂಪಾಗಿತ್ತು. ಅಪ್ಪನನ್ನು ದಾಟಿ ನೇರ ನನ್ನ ಹತ್ತಿರ ಬಂದಾಗ ನನಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದು ನಿಂತೆ. ಅವಳು ಪಟ್ಟಿಯನ್ನು ನೋಡುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ.

“ಇದರಲ್ಲಿ ಮದುವೆ ಆದೋನು ಯಾವನಾದ್ರೂ ಇದಾನೇನೇ?”

ನಾನು ಪಟ್ಟಿಯ ಮೇಲೆ ಬೆರಳು ಓಡಿಸಿದೆ. “ಇದಾನೆ. ಕಲ್ಲಿನ ಮೇಲೆ ಹತ್ತೊಂಬತ್ತನೇ ಹೆಸ್ರು. ಬಂದೋರಲ್ಲೇ ಇದಾನೆ.”

“ಹೆಂಡ್ತಿ ಬದುಕಿದಾಳಾ?”

“ಬದುಕಿದಾಳೆ. ನಾನು ನೋಡಿದೀನಿ.”

“ಇನ್ನೊಂದು ಮದುವೆ ಆಗಿದಾಳಾ?”

“ಇಲ್ಲ ಹೊನ್ನಕ್ಕ. ನಮ್ಮೆಜಮಾನ್ರು ಅಂತ ಅವನ ಹೆಸ್ರು ತೋರಿಸಿದ್ಲು.”

ಹೊನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಕೂದಲು ಸರಿಮಾಡಿಕೊಂಡಳು. “ಬೆಳಿಗ್ಗೆನೇ ಅವ್ಳಿಗೆ ಹೇಳಿ ಕಳಿಸ್ಬೇಕು,” ಎಂದಳು. “ಇವತ್ತೊಂದಿನ ನಮ್ಮನೇಲಿ ಉಂಡು ಮಲಗ್ಲಿ. ಹಾಸಿಗೆ ಹಾಸೇ ಇದೆ. ಏನವನ ಹೆಸ್ರು?”

ಹೇಳಿದೆ. ಹೊನ್ನಕ್ಕ ಗಡಿಕಲ್ಲಿನ ಮುಂದೆ ಹೋಗಿ ನಿಂತು, ಇಪ್ಪತ್ತೆಂಟು ವರ್ಷ ಬೋರಯ್ಯನಿಗೆಂದು ಇಟ್ಟುಕೊಂಡಿದ್ದ ದನಿಯಲ್ಲಿ, ಅವನನ್ನು ಕರೆದಳು.